ನೂರಾ ಹದಿನೆಂಟು

ಸೀಸೆಯ ಬಿರಡೆ ಹುಟ್ಟುವುದು ನಮ್ಮ ಕಾಡಿನಲ್ಲಿ.
ಇಲ್ಲಿನ ಒಂದೊಂದು ಕಾರ್ಕ್ ಮರಕ್ಕೂ ಮೈಮೇಲೆ ಒಂದು ಅಂಕಿ,
ತೊಗಟೆ ಸುಲಿದ ವರುಷದ ಕೊನೆಯ ಅಂಕಿ, ಬಿಳಿ ಬಣ್ಣದಲ್ಲಿ.
ಇನ್ನು ಒಂಬತ್ತು ವರುಷ ಯಾರೂ ಮುಟ್ಟಬೇಡಿ ಅಂತ ಅದರ ಅರ್ಥ.
ಅಲೆಂತೆಜುವಿನಲ್ಲಿ ಕೊಡಲಿ ಹಿಡಿದವನಿಗೆ
ಓದು ಬರದಿದ್ದರೂ ಅದು ಬರುತ್ತದೆ.

ನನ್ನ ಮಗಳ ತೋಳಿನಲ್ಲೂ ಒಂದಿದೆ.
ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಚರ್ಮಕ್ಕೆ ಕಚ್ಚಿಕೊಂಡಿದೆ.
ಅದರ ಅಂಕಿ ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ,
ಮತ್ತೆ ಅದನ್ನು ಯಾರು ಬೇಕಾದರೂ ಓದಬಹುದು:
ಅವಳಮ್ಮ, ಅಜ್ಜಿ, ಟೀಚರು,
ಶಾಲೆ ಬಸ್ಸಿನ ಮುದುಕ ಫಿರ್ಮಿನು ಕೂಡ.
ಬೆನೆದಿತಾಳಿಗೆ ಒಂಬತ್ತು ವರುಷ, ಅವಳ ಡಯಾಬಿಟಿಸ್‌ಗೆ ಎರಡು.
ಹೇಗಿದ್ದೀಯ ಅಂತ ಅವಳನ್ನು ಕೇಳುವವರಿಲ್ಲ.
ಎಷ್ಟಿದೆ, ಅಂತಾರೆ.

ಮಂಕಾಗಿ ಕೂತರೆ, ಎಷ್ಟಿದೆ?
ವಿಪರೀತ ನಕ್ಕರೆ, ಎಷ್ಟಿದೆ?
ತಮ್ಮನ ಕೂದಲು ಹಿಡಿದು ಜಗ್ಗಿದರೆ
ಮೊದಲು ಫೋನು ನೋಡುತ್ತೇವೆ, ಆಮೇಲೆ ತಮ್ಮನನ್ನು.
ಐವತ್ತೆಂಟಾದರೆ ಕಿತ್ತಳೆ ರಸ, ಮುನ್ನೂರಾದರೆ ಸೂಜಿ,
ಎರಡಕ್ಕೂ ಸೇರಿ ಒಂದೇ ಕ್ಷಮೆ:
ಪಾಪ, ಅದು ಅವಳಲ್ಲ, ಸಕ್ಕರೆ.
ಇದನ್ನು ನಾವು ಪ್ರೀತಿ ಅಂದುಕೊಂಡಿದ್ದೆವು.
ಪ್ರೀತಿಯೇ, ಸುಳ್ಳಲ್ಲ.
ರಾತ್ರಿ ಮೂರಕ್ಕೆ ಎದ್ದು ಅವಳ ಉಸಿರು ಎಣಿಸಿದವನು ನಾನು.

ಒಮ್ಮೆ ದಿಂಬಿನ ಗವಸು ಒಗೆಯಲು ತೆಗೆದಾಗ
ಚಾಕಲೇಟಿನ ಕಾಗದ ಸಿಕ್ಕಿತು. ಮಡಿಸಿ ಮಡಿಸಿ
ಕಿರುಬೆರಳ ಉಗುರಿನಷ್ಟು ಮಾಡಿದ್ದಳು.
ತಿಂದದ್ದು ಹೋಗಲಿ.
ಆ ಮಡಿಕೆಗಳನ್ನು ಬಿಡಿಸುತ್ತಾ ನನ್ನ ಕೈ ಸೋತಿತು.

ಜೂನ್ ಬಂತು, ಸುಲಿಯುವ ಕಾಲ.
ಈ ಸಲ ನಿನ್ನನ್ನೂ ಕಾಡಿಗೆ ಕರೆದೊಯ್ಯುತ್ತೇನೆ ಅಂದಿದ್ದೆ.
ಆದರೆ ನಲವತ್ತು ಡಿಗ್ರಿ ಬಿಸಿಲು, ಸಿಗ್ನಲ್ ಬಾರದ ಜಾಗ.
ಬೆಳಗಿನ ಐದಕ್ಕೆ, ಬೂಟನ್ನು ಕೈಯಲ್ಲಿ ಹಿಡಿದು,
ಕಳ್ಳನ ಹಾಗೆ ಮನೆಯಿಂದ ಹೊರಬಿದ್ದೆ.

ಮಧ್ಯಾಹ್ನ ಬಂದರೆ ಅಡುಗೆಮನೆ ತುಂಬ ನೀಲಿ ಚೂರು,
ಅವಳಜ್ಜಿಯ ಮದುವೆಯ ತಟ್ಟೆ.
ನನ್ನ ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು.
ಅವಳು ನೋಡಿದಳು. ತೋಳು ಮುಂದೆ ಚಾಚಿದಳು.
ಓದು, ಅಂದಳು. ಎಲ್ಲರಿಗೂ ಕೇಳುವ ಹಾಗೆ ಓದು.
ನೂರಾ ಹದಿನೆಂಟು.
ಬಾಣ?
ನೇರ. ಏರುತ್ತಿಲ್ಲ, ಇಳಿಯುತ್ತಿಲ್ಲ.
ಹಾಗಾದರೆ ಅಪ್ಪ, ಈ ಸಿಟ್ಟು ಯಾರದು?

ಒಲೆಯ ಮೇಲೆ ಏನೋ ಸೀಯುತ್ತಿತ್ತು, ಯಾರೂ ಇಳಿಸಲಿಲ್ಲ.
ನಿನ್ನದು, ಅಂದೆ.
ತಟ್ಟೆ ನೀನು ಒಡೆದೆ. ಮಾತು ನಾನು ಮುರಿದೆ.
ಅವಳು ಆಗ ಅತ್ತಳು. ಎರಡು ವರುಷದಲ್ಲಿ ಮೊದಲ ಬಾರಿ
ಯಾರೂ ಅಳೆಯದ ಅಳು.

ಮರುದಿನ ಹೋದೆವು. ತಣ್ಣನೆ ಪೆಟ್ಟಿಗೆಯಲ್ಲಿ ಇನ್ಸುಲಿನ್,
ಜೇಬಲ್ಲಿ ಒಣ ಅಂಜೂರ, ಅವಳ ತಲೆಗೆ ನನ್ನ ಹುಲ್ಲಿನ ಟೋಪಿ.
ತೊಗಟೆ ಬಿಡುವುದೋ ಇಲ್ಲವೋ ಕೊಡಲಿಯ ಸದ್ದು ಹೇಳುತ್ತದೆ, ಅಂದೆ.
ಕಿವಿ ಕೊಡದೆ ಎಳೆದರೆ ಮರಕ್ಕೆ ಗಾಯ.
ಸುಲಿದ ಮೈಯ ಮೇಲೆ ಅಂಗೈ ಇಟ್ಟು
ಒದ್ದೆ ಇದೆ, ಅಂದಳು. ಇದಕ್ಕೆ ನೋಯುತ್ತಾ?
ಗೊತ್ತಿಲ್ಲ.
ಕೇಳಿದ್ದೀಯಾ?
ಇಪ್ಪತ್ತೆರಡು ವರುಷದಿಂದ ಸುಲಿಯುತ್ತಿದ್ದೇನೆ.
ಇಲ್ಲ ಮಗಳೇ, ಕೇಳಿಲ್ಲ.
ಬ್ರಶ್ಶು ಅವಳ ಕೈಗೆ ಕೊಟ್ಟೆ. ಸೊಟ್ಟಗೆ ನಾಲ್ಕು ಬರೆದಳು,
ಬಣ್ಣ ಇಳಿದು ಬುಡದ ತನಕ ಹರಿಯಿತು.
ಈ ಮರ ಮತ್ತೆ ಕೊಡಲಿ ಕಾಣುವ ಹೊತ್ತಿಗೆ ಅವಳಿಗೆ ಹದಿನೆಂಟು.

ಹನ್ನೊಂದಕ್ಕೆ ತೋಳಿನ ಯಂತ್ರ ಕೂಗಿತು, ಅರವತ್ತನಾಲ್ಕು.
ನಾನು ಎದ್ದೆ. ಮತ್ತೆ ಕೂತೆ.
ಅವಳೇ ಅಂಜೂರ ಎಣಿಸಿ ತಿಂದಳು, ನನ್ನ ಕಡೆ ಬೆನ್ನು ಮಾಡಿ.
ವಾಪಸು ದಾರಿಯುದ್ದಕ್ಕೂ ಮುಖ ಗಂಟು,
ಸಿಕ್ಕ ಕಲ್ಲಿಗೆಲ್ಲ ಒದೆ.
ನಾನು ಫೋನು ಮುಟ್ಟಲಿಲ್ಲ.
ತುಂಬ ಹೊತ್ತಿನ ಮೇಲೆ ತಾನಾಗಿ ಅಂದಳು,
ಇದರಲ್ಲಿ ಅರ್ಧ ಸಕ್ಕರೆಯದು ಇರಬಹುದು.
ಇನ್ನರ್ಧ?
ನಿನ್ನ ಟೋಪಿ. ಕಚ್ಚುತ್ತೆ.